ತಪ್ಪು ಜೆಟ್‌ದೋ, ಸ್ಪ್ರಾಕೆಟ್‌ದೋ?

"ಅಣ್ಣಾ, ಕೊನೇಲಿ ಕಟ್ ಆಗ್ತಾ ಇದೆ. ಮೇನ್ ಜೆಟ್ ಇಳಿಸ್ಲಾ?"

ಕಳೆದ ಚಳಿಗಾಲದಲ್ಲಿ ಗ್ಲಾಮಿಸ್ ಮರಳು ದಿಬ್ಬಗಳ ಹತ್ತಿರ ತುಮಕೂರಿನ ಹುಡುಗನೊಬ್ಬ ಹೀಗೆ ಕೇಳಿದ. ಜೆಟ್ ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು, ಇಳಿಸುವುದು ಅಂದರೆ ಚಿಕ್ಕ ತೂತಿನದು ಹಾಕುವುದು. ಗ್ಲಾಮಿಸ್ ಇರುವುದು ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರ. ಚಳಿಗಾಲ ಬಂತೆಂದರೆ ಅಲ್ಲಿ ಕ್ವಾಡ್‌ಗಳ, ಅಂದರೆ ನಾಲ್ಕು ಚಕ್ರದ ಬೈಕ್‌ಗಳ, ಜಾತ್ರೆ. ಅವನದು ಯಮಹಾ ಬ್ಯಾನ್‌ಶೀ. 347 ಸಿಸಿ, ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಒಂದೊಂದಕ್ಕೂ ಪ್ರತ್ಯೇಕ 26 ಎಂಎಂ ಮಿಕುನಿ ಕಾರ್ಬುರೇಟರ್. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾದ ಗಾಡಿ. ನಾನು ಕೈ ಮಸಿ ಮಾಡಿಕೊಂಡು ಕಲಿತದ್ದು ಹಾಸನದ ಗ್ಯಾರೇಜಿನಲ್ಲಿ, ಆರ್‌ಎಕ್ಸ್ 100 ಮೇಲೆ. ಅದರಲ್ಲಿದ್ದದ್ದೂ ಮಿಕುನಿಯೇ. ಮೊದಲ ಸಲ ಬ್ಯಾನ್‌ಶೀ ಬಿಚ್ಚಿದಾಗ ಎರಡು ಆರ್‌ಎಕ್ಸ್ ಪಕ್ಕಪಕ್ಕ ಇಟ್ಟ ಹಾಗೆ ಕಂಡಿತ್ತು.

ನಾನು ಕಾರ್ಬುರೇಟರ್ ಮುಟ್ಟಲಿಲ್ಲ. "ಇನ್ನೊಂದು ಸಲ ಓಡಿಸು, ನಾನು ಕೇಳಿಸ್ಕೊಳ್ತೀನಿ" ಅಂದೆ. ಓಟ ಮುಗಿಯುವ ಗೆರೆಯ ಹತ್ತಿರ ಹೋಗಿ ನಿಂತೆ.

ಸೀಟಿನ ಮೇಲೆ ಕೂತವನಿಗೆ ಎರಡು ಬೇರೆ ಕಾಯಿಲೆ ಒಂದೇ ಥರ ಅನ್ನಿಸುತ್ತವೆ. ಪೆಟ್ರೋಲ್ ಜಾಸ್ತಿಯಾದರೂ ಕೊನೆಯಲ್ಲಿ ಎಳೆತ ಸಾಯುತ್ತದೆ, ಗಿಯರ್ ಮುಗಿದುಹೋದರೂ ಸಾಯುತ್ತದೆ. ಹೊರಗೆ ನಿಂತು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪೆಟ್ರೋಲ್ ಜಾಸ್ತಿಯಾದ ಎಂಜಿನ್ ಬರ್ ಬರ್ ಅಂತ ತೊದಲುತ್ತದೆ. ಗಿಯರ್ ಮುಗಿದ ಎಂಜಿನ್ ತೊದಲುವುದಿಲ್ಲ, ಚೊಕ್ಕವಾಗಿ ಕಿರುಚುತ್ತದೆ, ಆದರೆ ಗಾಡಿ ಮುಂದೆ ಹೋಗುವುದಿಲ್ಲ. ಅವನ ಗಾಡಿ ಕಿರುಚುತ್ತಿತ್ತು.

ಬಗ್ಗಿ ನೋಡಿದೆ. ಮುಂದಿನ ಸ್ಪ್ರಾಕೆಟ್‌ನಲ್ಲಿ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರದಲ್ಲಿ, 13 ಹಲ್ಲು. ಕಂಪನಿಯಿಂದ ಬರುವುದು ಮುಂದೆ 14, ಹಿಂದೆ 41. "ಪಿಕಪ್ ಬರ್ಲಿ ಅಂತ ಹಾಕ್ದೆ ಅಣ್ಣಾ" ಅಂದ. ಪಿಕಪ್ ಬಂದಿತ್ತು, ಸುಳ್ಳಲ್ಲ. ಬಿಟ್ಟ ಕೂಡಲೇ ಮುಂದಿನ ಚಕ್ರ ಗಾಳಿಗೆ ಏಳುತ್ತಿತ್ತು. ಚಕ್ರ ಎದ್ದರೆ ರೈಡರ್ ಥ್ರಾಟಲ್ ಬಿಡಲೇಬೇಕು, ಅಲ್ಲಿಗೆ ಗಳಿಸಿದ್ದೆಲ್ಲ ಹೋಯಿತು. ಮರಳಿನ ಡ್ರ್ಯಾಗ್, ಅಂದರೆ ನೇರ ಓಟದ ಪಂದ್ಯ, ಸಾಮಾನ್ಯವಾಗಿ 300 ಅಡಿ, ಸುಮಾರು 91 ಮೀಟರ್. ಅಷ್ಟರಲ್ಲಿ ಇವನು ಒಂದು ಗಿಯರ್ ಜಾಸ್ತಿ ಬದಲಾಯಿಸಬೇಕಿತ್ತು, ಇಲ್ಲವೇ ಕೊನೆಯ ಹತ್ತು ಹದಿನೈದು ಮೀಟರ್ ಸುಮ್ನೆ ಕಿರುಚಿಸಿಕೊಂಡು ಹೋಗಬೇಕಿತ್ತು.

ಸ್ಪ್ರಾಕೆಟ್ ಲೆಕ್ಕವನ್ನು ನಾನು ಗೆರೆಯಿಂದ ಹಿಂದಕ್ಕೆ ಮಾಡುತ್ತೇನೆ. ರೇಸಿನ ಎಕ್ಸಾಸ್ಟ್ ಪೈಪ್ ಹಾಕಿದ ಟೂ-ಸ್ಟ್ರೋಕ್‌ಗೆ ಶಕ್ತಿ ಬರುವ ಆರ್‌ಪಿಎಂ ಜಾಗ ತುಂಬಾ ಕಿರಿದು. ಗೆರೆ ದಾಟುವಾಗ ಎಂಜಿನ್ ಆ ಜಾಗದ ಮೇಲಿನ ತುದಿಯಲ್ಲಿರಬೇಕು, ಅದನ್ನು ಮೀರಿರಬಾರದು. ಗೆರೆಗೆ ನಾಲ್ಕು ಮಾರು ಇರುವಾಗ ಗಿಯರ್ ಬದಲಾಯಿಸುವ ಪರಿಸ್ಥಿತಿಯೂ ಬರಬಾರದು. ಮುಂದೆ ಒಂದು ಹಲ್ಲು ಬದಲಾದರೆ ಸುಮಾರು 7 ಪರ್ಸೆಂಟ್ ವ್ಯತ್ಯಾಸ. ಹಿಂದೆ ಒಂದು ಹಲ್ಲು ಅಂದರೆ ಎರಡೂವರೆ ಪರ್ಸೆಂಟ್ ಅಷ್ಟೇ. ಹಾಗಾಗಿ ದೊಡ್ಡ ತಪ್ಪನ್ನು ಮುಂದಿನದರಲ್ಲಿ ಸರಿಮಾಡಿ, ಸಣ್ಣದನ್ನು ಹಿಂದಿನದರಲ್ಲಿ ತಿದ್ದಿ. 20 ಇಂಚಿನ ಟೈರ್ ಇರುವ ಗಾಡಿಯಲ್ಲಿ ಮುಂದಿನ ಸ್ಪ್ರಾಕೆಟ್ 1000 ಸುತ್ತು ತಿರುಗಿದರೆ 14/41ರಲ್ಲಿ 545 ಮೀಟರ್ ಹೋಗುತ್ತೀರಿ, 15/41ರಲ್ಲಿ 584 ಮೀಟರ್. ಒಂದು ಹಲ್ಲಿಗೆ 39 ಮೀಟರ್!

ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಸ್ಪ್ರಾಕೆಟ್ ಎಲ್ಲ ಗಿಯರನ್ನೂ ಒಂದೇ ಪ್ರಮಾಣದಲ್ಲಿ ಬದಲಾಯಿಸುತ್ತದೆ. ಒಂದು ಗಿಯರಿಗೂ ಮುಂದಿನದಕ್ಕೂ ನಡುವಿನ ಅಂತರ ಇರುವುದು ಗಿಯರ್‌ಬಾಕ್ಸ್ ಒಳಗೆ. ಗಿಯರ್ ಹಾಕಿದ ಕೂಡಲೇ ಎಂಜಿನ್ ಮಂಕಾಗುತ್ತದೆ ಅನ್ನುವವರು ಸ್ಪ್ರಾಕೆಟ್ ಮೇಲೆ ಸ್ಪ್ರಾಕೆಟ್ ಕೊಂಡು ದುಡ್ಡು ಕಳೆಯುತ್ತಾರೆ. ಅವರು ನೋಡಬೇಕಾದದ್ದು ಪೈಪ್, ಪೋರ್ಟ್ (ಸಿಲಿಂಡರಿನ ಗಾಳಿದಾರಿ), ಮತ್ತೆ ಎಷ್ಟು ಆರ್‌ಪಿಎಂಗೆ ಗಿಯರ್ ಹಾಕುತ್ತಿದ್ದೇವೆ ಅನ್ನುವುದನ್ನು.

ಇನ್ನು ಜೆಟ್. ಪೈಲಟ್ ಜೆಟ್ ಕೆಲಸ ಮಾಡುವುದು ಥ್ರಾಟಲ್‌ನ ಮೊದಲ ಕಾಲು ಭಾಗದಲ್ಲಿ. ಅಲ್ಲಿಂದ ಮುಕ್ಕಾಲಿನವರೆಗೆ ಥ್ರಾಟಲ್ ಒತ್ತಿದಂತೆ ಮೇಲೇಳುವ ಸ್ಲೈಡ್ ಮತ್ತು ಅದರ ನೀಡಲ್. ಆಮೇಲೆ ಮೇನ್ ಜೆಟ್. ಡ್ರ್ಯಾಗ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದೇ ಇರುವುದರಿಂದ ಮೇನ್ ಜೆಟ್ಟೇ ರಾಜ. ಅದನ್ನು ಯಾವಾಗಲೂ ದೊಡ್ಡದರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿಯಿರಿ. ಪೆಟ್ರೋಲ್ ಜಾಸ್ತಿಯಾದರೆ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ ಅಷ್ಟೇ. ಕಮ್ಮಿಯಾದರೆ ಪಿಸ್ಟನ್ ಕಚ್ಚುತ್ತದೆ.

ಗಾಳಿಯ ಲೆಕ್ಕ ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ ಗಾಳಿ ಮಂಗಳೂರಿಗಿಂತ ತೆಳು. ಬೆಂಗಳೂರಿನಲ್ಲಿ ಕರಾರುವಾಕ್ಕಾಗಿ ಜೆಟ್ ಮಾಡಿದ ಆರ್‌ಎಕ್ಸ್ ಅನ್ನು ಘಾಟಿ ಇಳಿಸಿ ಮಂಗಳೂರಿನಲ್ಲಿ ಜೋರಾಗಿ ಓಡಿಸಿದರೆ ಪೆಟ್ರೋಲ್ ಕಮ್ಮಿ ಬೀಳುತ್ತದೆ. ಗ್ಲಾಮಿಸ್‌ನಲ್ಲಿ ಘಾಟಿ ಇಳಿಯುವುದೇ ಬೇಡ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದರೆ ಸಾಕು. 5 ಡಿಗ್ರಿಯಿಂದ 30 ಡಿಗ್ರಿಗೆ ಬಿಸಿಲೇರಿದರೆ ಗಾಳಿ ಸುಮಾರು 8 ಪರ್ಸೆಂಟ್ ತೆಳುವಾಗುತ್ತದೆ. ಕಾರ್ಬುರೇಟರ್ ಅದರಲ್ಲಿ ಅರ್ಧದಷ್ಟನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಉಳಿದರ್ಧ ನಿಮ್ಮ ಪಾಲಿಗೆ. ಬೆಳಿಗ್ಗೆ 300 ನಂಬರ್ ಜೆಟ್ ಸರಿಯಿದ್ದರೆ ಮಧ್ಯಾಹ್ನ 290. ಮಧ್ಯಾಹ್ನದ್ದನ್ನು ಹಾಗೇ ಬಿಟ್ಟು ಮಾರನೇ ದಿನ ಮಂಜಿನಲ್ಲಿ ಓಡಿಸುವವರೇ ನನ್ನ ಅಂಗಡಿಗೆ ಅನ್ನ ಹಾಕುವವರು.

ಆಯಿಲ್ ವಿಷಯದಲ್ಲೂ ಒಂದು ಮೋಸವಿದೆ. ಬ್ಯಾನ್‌ಶೀಗೆ ಪೆಟ್ರೋಲಲ್ಲೇ ಆಯಿಲ್ ಬೆರೆಸಬೇಕು. 32 ಪಾಲಿಗೆ ಒಂದು ಹಾಕುತ್ತಿದ್ದವರು ಎಂಜಿನ್‌ಗೆ ಒಳ್ಳೆಯದಾಗಲಿ ಅಂತ 24 ಪಾಲಿಗೆ ಒಂದು ಹಾಕುತ್ತಾರೆ. ಜೆಟ್ಟಿನ ತೂತು ಅಷ್ಟೇ ಇದೆ. ಆಯಿಲ್ ಜಾಸ್ತಿ ಹೋದರೆ ಅಷ್ಟು ಪೆಟ್ರೋಲ್ ಕಮ್ಮಿ ಹೋಗುತ್ತದೆ, ಅಲ್ವಾ?

ಹುಡುಗನ ಕಥೆಗೆ ಬರುತ್ತೇನೆ. ಮುಂದೆ 14 ಹಾಕಿದೆವು. ಮೊದಲ ಓಟದಲ್ಲೇ ಗೆರೆವರೆಗೂ ಎಳೆಯಿತು. ಅವನು ಕುಣಿದ. ನಾನು ಹೊಸ ಪ್ಲಗ್ ಎರಡು ಕೊಟ್ಟೆ. ಮುಂದೆ ಹಲ್ಲು ಹೆಚ್ಚಿಸಿ ಗಿಯರ್ ಉದ್ದ ಮಾಡಿದರೆ ಎಂಜಿನ್ ಒಂದೊಂದು ಗಿಯರಿನಲ್ಲೂ ಜಾಸ್ತಿ ಹೊತ್ತು ಭಾರ ಹೊರಬೇಕು, ಬಿಸಿ ಏರುತ್ತದೆ. ಮುಂಚೆ ಸಾಲುತ್ತಿದ್ದ ಜೆಟ್ ಈಗ ಸಾಲದೆ ಹೋಗಬಹುದು. ಅದಕ್ಕೇ ಸ್ಪ್ರಾಕೆಟ್ ಬದಲಾದ ಮೇಲೆ ಪ್ಲಗ್ ನೋಡಲೇಬೇಕು. 300 ಅಡಿ ಓಟಕ್ಕೆ ಪ್ಲಗ್ ಬಣ್ಣ ಹಿಡಿಯುವುದಿಲ್ಲ. ಉದ್ದದ ಸಮತಟ್ಟು ಜಾಗ ಹುಡುಕಿ, ಥ್ರಾಟಲ್ ಪೂರ್ತಿ ಒತ್ತಿ, ಅದೇ ವೇಗದಲ್ಲಿ ಎಂಜಿನ್ ಆಫ್ ಮಾಡಿ ಕ್ಲಚ್ ಹಿಡಿಯಬೇಕು. ನಿಧಾನಕ್ಕೆ ಗುಡುಗುಡು ಅಂತ ವಾಪಸ್ ಬಂದರೆ ಬಣ್ಣವೆಲ್ಲ ಅಳಿಸಿಹೋಗುತ್ತದೆ.

ಪಿಂಗಾಣಿಯ ತುದಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಟಾರ್ಚ್ ಹಿಡಿದು ಬುಡದಲ್ಲಿ, ಪಿಂಗಾಣಿ ಲೋಹದೊಳಗೆ ಸೇರುವ ಕಡೆ ನೋಡಬೇಕು. ಬಲಗಡೆಯದರಲ್ಲಿ ಕಂದು ಬಣ್ಣದ ಉಂಗುರ ಚೆನ್ನಾಗಿ ಕೂತಿತ್ತು. ಎಡಗಡೆಯದು ಬುಡದವರೆಗೂ ಬಿಳಿ, ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕೆಗಳು. ಆ ಚುಕ್ಕೆ ಪಿಸ್ಟನ್‌ನ ಅಲ್ಯೂಮಿನಿಯಂ.

"ಎಡಗಡೆ ಮಾತ್ರ ಜೆಟ್ ದೊಡ್ಡದು ಮಾಡೋಣ್ವಾ ಅಣ್ಣಾ?"

ಬೇಡ ಅಂದೆ. ಎರಡೂ ಕಡೆ ಒಂದೇ ಜೆಟ್, ಒಂದೇ ಗಾಳಿ, ಒಂದೇ ಪೆಟ್ರೋಲ್. ಒಂದು ಕಡೆ ಮಾತ್ರ ಪೆಟ್ರೋಲ್ ಕಮ್ಮಿ ಬಿದ್ದು ಪ್ಲಗ್ ಬೆಳ್ಳಗಾಗುತ್ತಿದೆ ಅಂದರೆ ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆ. ಮೊದಲು ಎರಡು ಸ್ಲೈಡ್ ಒಟ್ಟಿಗೆ ಏಳುತ್ತಿವೆಯಾ ಅಂತ ಬೆರಳಿಟ್ಟು ನೋಡಿದೆ. ಏಳುತ್ತಿದ್ದವು. ಆಮೇಲೆ ಎಡಗಡೆ ಕಾರ್ಬುರೇಟರ್ ಕೂರುವ ರಬ್ಬರ್ ಬೂಟನ್ನು ಹೆಬ್ಬೆರಳಲ್ಲಿ ಮಡಚಿದೆ. ಕೆಳಗಡೆ, ಕಣ್ಣಿಗೆ ಬೀಳದ ಜಾಗದಲ್ಲಿ, ಉಗುರು ಹೋಗುವಷ್ಟು ಬಿರುಕು.

ಬೂಟ್ ಬದಲಾಯಿಸಿದರೂ ಅಷ್ಟಕ್ಕೇ ಬಿಡುವ ಹಾಗಿಲ್ಲ. ಎಕ್ಸಾಸ್ಟ್, ಇನ್‌ಟೇಕ್ ಮುಚ್ಚಿ 6 ಪೌಂಡ್ ಗಾಳಿ ತುಂಬಿಸಿ 6 ನಿಮಿಷ ನಿಲ್ಲುತ್ತದಾ ನೋಡಬೇಕು. ಕ್ರ್ಯಾಂಕ್ ಸೀಲ್ ಸೋರುತ್ತಿದ್ದರೂ ಪ್ಲಗ್ ಹೀಗೇ ಬೆಳ್ಳಗಾಗುತ್ತದೆ. ಮರಳಿನ ನಡುವೆ ಅದನ್ನೆಲ್ಲ ಮಾಡುವುದು ಎಲ್ಲಿಂದ? ಆ ದಿನ ಅವನನ್ನು ಮತ್ತೆ ಓಡಿಸಲು ಬಿಡಲಿಲ್ಲ. ಆಗಿನ್ನೂ ಬೆಳಿಗ್ಗೆ ಹತ್ತೂವರೆ. ಕ್ವಾಡ್ ಟ್ರೇಲರ್ ಹತ್ತಿತು. ಹುಡುಗ ಮುಖ ಊದಿಸಿಕೊಂಡು ಕ್ಯಾಂಪ್ ಕುರ್ಚಿಯಲ್ಲಿ ಕೂತು ಬೇರೆಯವರ ಗಾಡಿ ಎಣಿಸುತ್ತಿದ್ದ.