90 ದಿನಗಳ ಲೆಕ್ಕ ಇಡುವವರು ಯಾರು? ಕಟ್ಟಡ ಕಾರ್ಮಿಕರ ಕಾನೂನು ನಡೆದು ಬಂದ ದಾರಿ

2025ರ ನವೆಂಬರ್ 21ರಂದು, ಹಳೆಯ ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಂದಿನಿಂದ ಪುಣೆಯ ಮಜೂರ್ ಅಡ್ಡಾಗಳಲ್ಲಿಯೂ ನವಿ ಮುಂಬಯಿಯ ನಾಕಾಗಳಲ್ಲಿಯೂ ಬೆಳಿಗ್ಗೆ ಕೆಲಸಕ್ಕೆ ಕಾದು ನಿಂತವರು ಕೇಳುವ ಪ್ರಶ್ನೆಗಳು ಹೆಚ್ಚಿವೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಹಳೆಯ ಕಾರ್ಡು ಇನ್ನು ನಡೆಯುತ್ತದೆಯೇ, ನವೀಕರಣಕ್ಕೆ ಮತ್ತೆ 90 ದಿನ ದುಡಿದ ಪ್ರಮಾಣಪತ್ರ ತರಬೇಕೇ, ಊರಿನಲ್ಲಿ ಮಾಡಿಸಿದ ಕಾರ್ಡಿಗೆ ಇಲ್ಲಿ ಬೆಲೆ ಇದೆಯೇ ಎಂದು ಕೇಳುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಗುಳೆ ಬಂದ ಕನ್ನಡಿಗರು ಬಹಳ ಮಂದಿ. ಉತ್ತರ ಹೇಳಬೇಕಾದವರಿಗೂ ವಿಷಯ ಗೋಜಲಾಗಿದೆ. ಕಟ್ಟಡ ಕಾರ್ಮಿಕರಿಗಾಗಿ ಇದ್ದ 1996ರ ಎರಡು ಕಾನೂನುಗಳು ಹೊಸ ಸಂಹಿತೆಗಳೊಳಗೆ ಸೇರಿಹೋಗಿವೆ, ಹಳೆಯ ನಿಯಮಗಳ ಅಭ್ಯಾಸ ಕಚೇರಿಗಳಲ್ಲಿ ಉಳಿದಿದೆ, ನ್ಯಾಯಾಲಯದ ನಿರ್ದೇಶನಗಳು ಬೇರೆ ಇವೆ. ಇದನ್ನು ಬಿಡಿಸಿ ನೋಡಬೇಕಾದರೆ ಈ ಕಾನೂನು ಯಾರ ಒತ್ತಾಯದಿಂದ ಹುಟ್ಟಿತು, ಹುಟ್ಟುವಾಗ ಅದರಿಂದ ಏನು ಬಿಟ್ಟುಹೋಯಿತು ಎಂಬಲ್ಲಿಗೆ ಹೋಗಬೇಕು.

ಆ ಒತ್ತಾಯದಲ್ಲಿ ಸಮಾಜ ಕಾರ್ಯಕರ್ತರದೂ ಪಾಲಿತ್ತು, ಆದ್ದರಿಂದ ಅವರ ವೃತ್ತಿಯಿಂದಲೇ ಶುರು ಮಾಡಬೇಕು. ಭಾರತದಲ್ಲಿ ಸಮಾಜಕಾರ್ಯದ ವೃತ್ತಿಶಿಕ್ಷಣ ಆರಂಭವಾದದ್ದೇ ಮುಂಬಯಿಯಲ್ಲಿ, 1936ರಲ್ಲಿ. ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾದದ್ದು ಅದೇ ಶಾಲೆ. 1955ರಲ್ಲಿ ಮುಂಬಯಿಯ ಸಮಾಜಕಾರ್ಯ ಕಾಲೇಜು ನಿರ್ಮಲಾ ನಿಕೇತನ, 1963ರಲ್ಲಿ ಪುಣೆಯ ಕರ್ವೆ ಸಮಾಜ ಸೇವಾ ಸಂಸ್ಥೆ ಬಂದವು. ವ್ಯಕ್ತಿಗೆ ನೆರವು, ಗುಂಪಿನೊಡನೆ ಕೆಲಸ, ಸಮುದಾಯ ಸಂಘಟನೆ ಎಂದು ಶುರುವಾಗುವ ವಿಧಾನಗಳ ಪಟ್ಟಿಯಲ್ಲಿ ಸಾಮಾಜಿಕ ಕ್ರಿಯೆ, ಅಂದರೆ ನೀತಿಯನ್ನೇ ಪ್ರಶ್ನಿಸಿ ಬದಲಾಯಿಸುವ ಯತ್ನ, ಪಠ್ಯಗಳಲ್ಲಿ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಅಭ್ಯಾಸದಲ್ಲಿಯೂ ಅದು ಬಹುಕಾಲ ಕೊನೆಯಲ್ಲಿಯೇ ಉಳಿಯಿತು.

ಕಟ್ಟಡ ಕಾರ್ಮಿಕರ ವಿಷಯದಲ್ಲಿಯೂ ಮೊದಲು ಬಂದದ್ದು ಸೇವೆ. 1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್ ಅವರು ಕಾಮಗಾರಿ ನಡೆಯುವ ಜಾಗದಲ್ಲಿ, ಮಣ್ಣಿನಲ್ಲಿ ಮಲಗಿದ್ದ ಕೂಸುಗಳಿಗಾಗಿ ಮೊಬೈಲ್ ಕ್ರೆಶ್ ಆರಂಭಿಸಿದರು; 1970ರ ದಶಕದಲ್ಲಿ ಆ ಕೆಲಸ ಮುಂಬಯಿಗೂ ಬಂತು. ಕಟ್ಟಡ ಮುಗಿದೊಡನೆ ಶಿಶುವಿಹಾರವೂ ತಾಯಂದಿರ ಜೊತೆಯಲ್ಲಿ ಮುಂದಿನ ಕಾಮಗಾರಿಗೆ ಹೋಗಬೇಕು. ಅಲ್ಲಿ ದುಡಿದ ಕಾರ್ಯಕರ್ತೆಯರಿಗೆ ಬೇಗನೆ ಮನವರಿಕೆಯಾದದ್ದೇನೆಂದರೆ, ಮಗುವಿನ ಹಾಲು ಗಂಜಿಯ ಪ್ರಶ್ನೆ ತಾಯಿಯ ಕೂಲಿಗೆ, ತಾಯಿಯ ಕೂಲಿಯ ಪ್ರಶ್ನೆ ಗುತ್ತಿಗೆಯ ಸರಪಳಿಗೆ ಅಂಟಿಕೊಂಡಿದೆ ಎಂಬುದು.

ಆ ಸರಪಳಿ ದೇಶದ ಕಣ್ಣಿಗೆ ಬಿದ್ದದ್ದು 1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ. ನಾಗರಿಕ ಹಕ್ಕುಗಳ ಸಂಘಟನೆಯೊಂದು ಬರೆದ ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿದ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕ ಚಿಕ್ಕದು: ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ ಎಂದು ನಿಗದಿಯಾಗಿತ್ತು, ನಡುವಿನ ಜಮಾದಾರ ತಲೆಗೆ 1 ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೈಗಿಡುತ್ತಿದ್ದ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ನ್ಯಾಯಾಲಯ ಹೇಳಿತು. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾನೂನು ಆಗಲೇ ಇತ್ತು. ಇದ್ದ ಕಾನೂನು ಕೆಲಸಕ್ಕೆ ಬಾರದಿದ್ದಾಗ ಎಂಥ ಕಾನೂನು ಬೇಕು ಎಂಬ ಚರ್ಚೆ ಅಲ್ಲಿಂದ ಗಟ್ಟಿಯಾಯಿತು.

1985ರಲ್ಲಿ ಕಾರ್ಮಿಕ ಸಂಘಗಳು, ಸ್ವಯಂಸೇವಾ ಸಂಸ್ಥೆಗಳು, ವಕೀಲರು, ಸಮಾಜ ಕಾರ್ಯಕರ್ತರು ಸೇರಿ ಕಟ್ಟಡ ಕಾರ್ಮಿಕರಿಗೆ ಕೇಂದ್ರ ಕಾನೂನು ಬೇಕೆಂಬ ರಾಷ್ಟ್ರೀಯ ಅಭಿಯಾನ ಸಮಿತಿಯನ್ನು ಕಟ್ಟಿದರು, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದರ ಅಧ್ಯಕ್ಷರಾಗಿದ್ದರು. ಲಕ್ಷಾಂತರ ಕಾರ್ಮಿಕರ ಸಹಿಗಳೊಡನೆ ಸಂಸತ್ತಿನ ಅರ್ಜಿ ಸಮಿತಿಗೆ ಮನವಿ ಹೋಯಿತು. ಅಭಿಯಾನದವರು ಬೇಡಿಕೆಯನ್ನಷ್ಟೇ ಇಡದೆ ಮಸೂದೆಯ ಕರಡನ್ನೂ ತಾವೇ ಬರೆದರು. ನೀತಿ ವಿಶ್ಲೇಷಣೆ ಎಂದು ಇಂದು ತರಗತಿಗಳಲ್ಲಿ ಕಲಿಸುವುದನ್ನು ಅವರು ಬೀದಿಯಲ್ಲಿ ನಿಂತೇ ಮಾಡಿದ್ದರು ಎಂಬುದು ನನ್ನ ಭಾವನೆ.

ಅವರ ಕಣ್ಣೆದುರಿಗಿದ್ದ ಮಾದರಿಗಳಲ್ಲಿ ಮಹಾರಾಷ್ಟ್ರದ್ದೂ ಒಂದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇವತ್ತಿನ ತೊಡಕಿನ ಗಂಟು ಇಲ್ಲಿಯೇ ಇದೆ. ಮುಂಬಯಿಯ ಮಸ್ಜಿದ್ ಬಂದರಿನಿಂದ ಹಿಡಿದು ಪುಣೆಯ ಮಾರ್ಕೆಟ್ ಯಾರ್ಡಿನವರೆಗೆ ಮೂಟೆ ಹೊರುವ ಹಮಾಲರಿಗೂ ನಾಕಾದ ಗೌಂಡಿಯಂತೆಯೇ ಒಬ್ಬ ಕಾಯಂ ಮಾಲೀಕನಿಲ್ಲ. ಇಂದು ಈ ಅಂಗಡಿ, ನಾಳೆ ಆ ಅಂಗಡಿ. ಕಾರ್ಮಿಕ ನಾಯಕ ಅಣ್ಣಾಸಾಹೇಬ ಪಾಟೀಲರ ನೇತೃತ್ವದ ಹೋರಾಟದ ಬಳಿಕ 1969ರಲ್ಲಿ ಬಂದ ಮಾಥಾಡಿ (ಅಂದರೆ ಹೊರೆ ಹೊರುವವರ) ಕಾನೂನು ಈ ಸಮಸ್ಯೆಗೆ ನೇರವಾದ ಪರಿಹಾರ ಹುಡುಕಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಇರುವ ಮಂಡಳಿಯಲ್ಲಿ ಹಮಾಲನೂ ನೋಂದಾಯಿಸಬೇಕು, ವ್ಯಾಪಾರಿಯೂ ನೋಂದಾಯಿಸಬೇಕು. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ನಿಗದಿಯಾದ ಲೆವಿ ಎಂಬ ಕಡ್ಡಾಯ ವಂತಿಗೆಯನ್ನೂ ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಹಮಾಲನಿಗೆ ಪಗಾರ ಕೊಡುತ್ತದೆ, ಭವಿಷ್ಯನಿಧಿ, ಗ್ರಾಚ್ಯುಯಿಟಿ, ರಜೆಯ ಲೆಕ್ಕಗಳನ್ನು ನೋಡಿಕೊಳ್ಳುತ್ತದೆ. ಎಷ್ಟು ದಿನ ದುಡಿದೆ ಎಂದು ಹಮಾಲ ಯಾರಿಗೂ ಸಾಬೀತು ಮಾಡಬೇಕಾಗಿಲ್ಲ, ಅವನ ಹಾಜರಿ ಮಂಡಳಿಯ ವಹಿಯಲ್ಲಿಯೇ ಇದೆ.

ಕೆಲಸದ ನಿಯಂತ್ರಣವೂ ಕಲ್ಯಾಣವೂ ಒಂದೇ ತ್ರಿಪಕ್ಷೀಯ ಮಂಡಳಿಯ ಕೈಯಲ್ಲಿರಬೇಕು ಎಂಬುದು ಅಭಿಯಾನದ ಬೇಡಿಕೆಯಾಗಿತ್ತು. 1988ರಲ್ಲಿ ಸರ್ಕಾರದ ಮಸೂದೆ ಬಂತು, ನನೆಗುದಿಗೆ ಬಿತ್ತು, ಸುಗ್ರೀವಾಜ್ಞೆಗಳ ದಾರಿಯಲ್ಲಿ ಸಾಗಿ ಕೊನೆಗೆ 1996ರಲ್ಲಿ ಎರಡು ಕಾನೂನುಗಳಾಗಿ ಹೊರಬಂತು. ಒಂದು ಕೆಲಸದ ಷರತ್ತು, ಸುರಕ್ಷತೆ ಮತ್ತು ಕಲ್ಯಾಣ ಮಂಡಳಿಗೆ ಸಂಬಂಧಿಸಿದ್ದು. ಇನ್ನೊಂದು ಸೆಸ್ ಕಾನೂನು, ಅಂದರೆ ಈ ಕಲ್ಯಾಣಕ್ಕೆಂದೇ ಮೀಸಲಾದ ತೆರಿಗೆಯದು. ನಿರ್ಮಾಣ ವೆಚ್ಚದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಬಹುದು ಎಂದಿತ್ತು, ಶೇ 1 ಎಂದು ನಿಗದಿಯಾಯಿತು. ಕಲ್ಯಾಣ ಉಳಿಯಿತು, ಕೆಲಸದ ಲೆಕ್ಕ ಮಂಡಳಿಯ ಕೈಬಿಟ್ಟಿತು. ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಫಲಾನುಭವಿಗಳಾಗಬಹುದು ಎಂಬ ಒಂದು ಸಾಲು ಆ ಜಾಗಕ್ಕೆ ಬಂದು ಕೂತಿತು. ಆ 90 ದಿನಗಳನ್ನು ತೋರಿಸುವ ಹೊರೆ ಬಿದ್ದದ್ದು ಕಾರ್ಮಿಕನ ಮೇಲೆ.

ಇದಕ್ಕೆ ಇಂಥವರೇ ಕಾರಣವೆಂದು ಬೊಟ್ಟು ಮಾಡುವುದು ಸಾಧ್ಯವಿಲ್ಲ. ಹತ್ತು ವರ್ಷ ಬಡಿದಾಡಿದವರಿಗೆ ಬಂದಷ್ಟು ಬರಲಿ ಎನಿಸಿದ್ದರೆ ಅದು ಸಹಜ. ಆದರೆ ಅಂದು ಬಿಟ್ಟ ಒಂದು ಅಂಶ ಇಂದಿಗೂ ಲಕ್ಷಾಂತರ ಜನರನ್ನು ಕಚೇರಿಯ ಹೊರಗೆ ನಿಲ್ಲಿಸಿದೆ ಎಂಬುದನ್ನು ಕಾಣದೆ ಇರಲಾಗದು.

ಆಮೇಲಿನ ದಶಕ ಬಹುಪಾಲು ಕಾಯುವಿಕೆಯಲ್ಲಿ ಕಳೆಯಿತು. ರಾಜ್ಯಗಳು ನಿಯಮ ಮಾಡಬೇಕು, ಮಂಡಳಿ ರಚಿಸಬೇಕು. ಮಹಾರಾಷ್ಟ್ರದ ನಿಯಮಗಳು ಬಂದದ್ದು 2007ರಲ್ಲಿ, ಮಂಡಳಿ 2011ರಲ್ಲಿ. ಅಭಿಯಾನ ಸಮಿತಿ 2006ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2018ರ ಮಾರ್ಚ್ 19ರ ತೀರ್ಪಿನಲ್ಲಿ ನ್ಯಾಯಮೂರ್ತಿ ಮದನ್ ಲೋಕುರ್ ಅವರ ಪೀಠ ದಾಖಲಿಸಿದ ಲೆಕ್ಕದ ಪ್ರಕಾರ ದೇಶದಲ್ಲಿ ಸಂಗ್ರಹವಾದ ಸೆಸ್ 37,400 ಕೋಟಿ ರೂಪಾಯಿಗೂ ಹೆಚ್ಚು, ಖರ್ಚಾದದ್ದು ಸುಮಾರು 9,500 ಕೋಟಿ. ಸೆಸ್ ಬರುವ ದಾರಿ ಸುಲಭ: ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಸ್ಥಳೀಯ ಸಂಸ್ಥೆ ಅದನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುತ್ತದೆ. ಹಣ ಹೊರಗೆ ಹೋಗುವ ದಾರಿಯಲ್ಲಿ ಮಾತ್ರ ಆ 90 ದಿನಗಳ ಕಾಗದ ಅಡ್ಡ ನಿಂತಿರುತ್ತದೆ.

ಆ ಕಾಗದ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮಹಾರಾಷ್ಟ್ರದಲ್ಲಿ ಅದನ್ನು ಠೇಕೇದಾರ ಕೊಡಬಹುದು, ಹಳ್ಳಿಯಲ್ಲಿ ಗ್ರಾಮಸೇವಕ, ಪಟ್ಟಣದಲ್ಲಿ ನಗರ ಸಂಸ್ಥೆಯ ಅಧಿಕಾರಿ ಕೊಡಬಹುದು. ಎಂದಿನಿಂದ ಎಂದಿನವರೆಗೆ, ಯಾವ ಕೆಲಸ, ಯಾವ ಜಾಗ, ಮಾಲೀಕನ ನೋಂದಣಿ ಸಂಖ್ಯೆ, ಸಹಿ, ಶಿಕ್ಕಾ, ಜಾವಕ ಕ್ರಮಾಂಕ (ಕಚೇರಿಯಿಂದ ಹೊರಹೋಗುವ ಪತ್ರದ ಸಂಖ್ಯೆ) ಎಲ್ಲವೂ ಬೇಕು. ಜಾವಕ ವಹಿ ಇರುವುದು ಕಚೇರಿ ಇಟ್ಟುಕೊಂಡವರ ಬಳಿ. ನಾಕಾದಿಂದ ಇಬ್ಬರು ಬಿಗಾರಿಗಳನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗಿ ಸಂಜೆ ಕೂಲಿ ಕೊಟ್ಟು ಕಳಿಸುವ ಮುಕಾದಮನ ಬಳಿ ಇರುವುದು ಒಂದು ಮೊಬೈಲು, ಒಂದು ಸಣ್ಣ ಡೈರಿ. ತಾನು ಪ್ರಮಾಣಪತ್ರ ಕೊಟ್ಟರೆ ತನ್ನನ್ನು ಮಾಲೀಕನೆಂದು ಹಿಡಿದು ಉಳಿದ ಕಾನೂನುಗಳನ್ನೂ ಹೇರುತ್ತಾರೆಂಬ ಭಯ ಅವನಿಗೆ. ಕಣ್ಣಾರೆ ಕಾಣದ ಕೆಲಸಕ್ಕೆ ಸಹಿ ಹಾಕಿ ಮುಂದೆ ತನಿಖೆ ಎದುರಿಸುವುದು ಹೇಗೆ ಎಂಬ ಅಂಜಿಕೆ ಗ್ರಾಮಸೇವಕನಿಗೂ ವಾರ್ಡ್ ಅಧಿಕಾರಿಗೂ. ಇಬ್ಬರ ಭಯವೂ ಸುಳ್ಳಲ್ಲ. ಸಹಿ ಸಿಗದ ಕಡೆ ಏಜೆಂಟರು ಹುಟ್ಟಿಕೊಳ್ಳುತ್ತಾರೆ, ಗಾರೆ ಮುಟ್ಟದವರ ಹೆಸರಿಗೂ ಕಾರ್ಡಾಗುತ್ತದೆ. ನಕಲಿ ಕಾರ್ಡುಗಳ ದೂರು ಬಂದೊಡನೆ ಪರಿಶೀಲನೆ ಬಿಗಿಯಾಗುತ್ತದೆ. ಬಿಗಿಯಾದಷ್ಟೂ ನಿಜವಾಗಿ ದುಡಿಯುವವರೇ ಹೊರಗುಳಿಯುತ್ತಾರೆ.

ಹೆಂಗಸರ ಪಾಡು ಇನ್ನೂ ಕಷ್ಟದ್ದು. ಗಂಡ ಹೆಂಡತಿಯನ್ನು ಜೋಡಿ ಎಂದು ಕರೆದುಕೊಂಡು ಹೋಗುವ ಕಡೆ ಡೈರಿಯಲ್ಲಿ ಬರೆಯುವುದು ಗಂಡನ ಹೆಸರನ್ನು, ಪಗಾರವೂ ಅವನ ಕೈಗೇ. ಪುಣೆಯ ವಾರ್ಜೆ ಕಡೆಯ ವಸತಿಯೊಂದರಲ್ಲಿ ಯಾದಗಿರಿಯ ಹೆಣ್ಣುಮಗಳೊಬ್ಬಳು ತಗಡಿನ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ನನಗೆ ತೋರಿಸಿದ್ದಳು. ಕೆಲಸ ಸಿಕ್ಕ ದಿನಕ್ಕೆ ಅಡ್ಡಗೆರೆ, ಅರ್ಧ ದಿನಕ್ಕೆ ಚುಕ್ಕಿ; ಅಮಾವಾಸ್ಯೆ ಹುಣ್ಣಿಮೆಗಳ ಪಕ್ಕದಲ್ಲಿ ಆಕೆಯದೇ ಹಾಜರಿ ಪಟ್ಟಿ. ಗೆರೆಗಳು ತೊಂಬತ್ತನ್ನು ಎಂದೋ ದಾಟಿದ್ದವು. "ಅಕ್ಕಾರ, ಒಂದೊಂದ್ ದಿನ ಒಬ್ಬೊಬ್ಬರ ಹತ್ರ ಕೆಲಸ. ಯಾರ ಸಹಿ ತರ್ಲಿ ಹೇಳ್ರಿ?" ಎಂದು ಆಕೆ ಕೇಳಿದಳು. ಅದಕ್ಕಿಂತ ಪ್ರಾಮಾಣಿಕವಾದ ದಾಖಲೆ ಯಾವ ಕಚೇರಿಯಲ್ಲಿಯೂ ಇರಲಾರದು, ಆದರೆ ಅದನ್ನು ಅರ್ಜಿಗೆ ಲಗತ್ತಿಸಲು ಅವಕಾಶವಿಲ್ಲ.

ಶಿಶುವಿಹಾರದ ಕಲಮಿನದೂ ಇದೇ ಕಥೆ. ಯಾವ ಮಕ್ಕಳನ್ನು ನೋಡಿ ಈ ಇಡೀ ಚಳವಳಿ ಶುರುವಾಯಿತೋ ಅವರಿಗಾಗಿ 1996ರ ಕಾನೂನು ಬರೆದದ್ದು, 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು ಸಾಮಾನ್ಯವಾಗಿ ದುಡಿಯುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಒದಗಿಸಬೇಕು ಎಂದು. ಒಂದೇ ಕಟ್ಟಡದ ಕೆಲಸ ಸೆಂಟ್ರಿಂಗ್‌ಗೆ ಒಬ್ಬ, ಪ್ಲಾಸ್ಟರ್‌ಗೆ ಒಬ್ಬ, ಟೈಲ್ಸ್‌ಗೆ ಇನ್ನೊಬ್ಬ ಎಂದು ಹಂಚಿಹೋದಾಗ ಯಾರ ಪಟ್ಟಿಯಲ್ಲಿಯೂ 50 ಹೆಂಗಸರು ಕಾಣಿಸುತ್ತಿರಲಿಲ್ಲ.

ಕರ್ನಾಟಕದ ಮಂಡಳಿಯ ಪದ್ಧತಿ ಸ್ವಲ್ಪ ಬೇರೆ. ಅಲ್ಲಿ ಮಾಲೀಕ ಮತ್ತು ಗುತ್ತಿಗೆದಾರರಲ್ಲದೆ ನೋಂದಾಯಿತ ಕಾರ್ಮಿಕ ಸಂಘಕ್ಕೂ ಉದ್ಯೋಗ ದೃಢೀಕರಣ ಕೊಡುವ ಅವಕಾಶವನ್ನು ನಮೂನೆಗಳಲ್ಲಿಯೇ ಒದಗಿಸಿದ್ದಾರೆ. ಊರಿನಲ್ಲಿ ಸಂಘದ ಮೂಲಕ ಕಾರ್ಡು ಮಾಡಿಸಿದವನು ಪುಣೆಗೆ ಬಂದು ವರ್ಷದ ಎಂಟು ತಿಂಗಳು ಇಲ್ಲಿಯೇ ಕಳೆದರೆ, ದುಡಿದ ದಿನಗಳು ಮಹಾರಾಷ್ಟ್ರದಲ್ಲಿ, ಕಾರ್ಡು ಕರ್ನಾಟಕದಲ್ಲಿ ಎಂಬ ಸ್ಥಿತಿ. ಅವನು ಕಟ್ಟಿದ ಕಟ್ಟಡದ ಸೆಸ್ ಜಮೆಯಾಗುವುದು ಇಲ್ಲಿನ ಮಂಡಳಿಗೆ. 2020ರ ಲಾಕ್‌ಡೌನಿನಲ್ಲಿ ಎರಡೂ ರಾಜ್ಯಗಳು ನೋಂದಾಯಿತ ಕಾರ್ಮಿಕರ ಖಾತೆಗೆ ನೇರವಾಗಿ ಹಣ ಹಾಕಿದಾಗ, ನೋಂದಣಿ ಎಂಬುದು ಮನೆಯ ಒಲೆ ಉರಿಯುವುದಕ್ಕೂ ಉರಿಯದಿರುವುದಕ್ಕೂ ಇರುವ ಅಂತರವಾಯಿತು. ಇಲ್ಲಿಯೂ ಅಲ್ಲಿಯೂ ಹೆಸರಿಲ್ಲದೆ ಸೊಲ್ಲಾಪುರದ ದಾರಿ ಹಿಡಿದು ನಡೆದವರು ನಮ್ಮವರೇ.

ಹೊಸ ಸಾಮಾಜಿಕ ಭದ್ರತಾ ಸಂಹಿತೆ ವಲಸೆಯ ವಿಷಯದಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ: ಬೇರೆ ರಾಜ್ಯಕ್ಕೆ ಹೋದ ಕಟ್ಟಡ ಕಾರ್ಮಿಕನಿಗೆ ದುಡಿಯುತ್ತಿರುವ ರಾಜ್ಯದಲ್ಲಿಯೇ ಸೌಲಭ್ಯ ಸಿಗಬೇಕು, ಅಲ್ಲಿನ ಮಂಡಳಿಯೇ ಅದಕ್ಕೆ ಹೊಣೆ ಎಂದು ಹೇಳಿದೆ. ಇನ್ನೊಂದು ಕಡೆ, ಸ್ವಂತ ವಾಸದ ಮನೆ ಕಟ್ಟುವುದಕ್ಕೆ ಈ ಕಾನೂನಿನಿಂದ ಇದ್ದ ವಿನಾಯಿತಿಯ ವೆಚ್ಚದ ಮಿತಿಯನ್ನು 10 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಿದೆ. ನಾಕಾದ ಕಾರ್ಮಿಕರಿಗೆ ಹೆಚ್ಚಾಗಿ ಸಿಗುವ ಕೆಲಸ ಇಂಥ ಸಣ್ಣ ಮನೆಗಳದೇ ಎಂಬುದನ್ನು ಮರೆಯಬಾರದು. 90 ದಿನಗಳ ಷರತ್ತು ಹಾಗೆಯೇ ಉಳಿದಿದೆ.

ಸಮಾಜಕಾರ್ಯ ಕಲಿಯುವವರು ಕ್ಷೇತ್ರಕಾರ್ಯಕ್ಕೆ ಬಂದಾಗ ಅರ್ಜಿ ತುಂಬಿಸುವುದನ್ನು, ಮಂಡಳಿ ಹಂಚುವ ಸುರಕ್ಷತಾ ಕಿಟ್, ಪಾತ್ರೆ ಸೆಟ್ಟುಗಳನ್ನು ಕೊಡಿಸುವುದನ್ನು ಶ್ರದ್ಧೆಯಿಂದ ಮಾಡುತ್ತಾರೆ. ಅದು ಬೇಕಾದ ಕೆಲಸವೇ. ಆದರೆ ತಿರಸ್ಕೃತವಾದ ಅರ್ಜಿಗಳನ್ನು ಒಟ್ಟುಮಾಡಿ, ಯಾವ ಕಾರಣಕ್ಕೆ ಎಷ್ಟು ಬಿದ್ದವು, ಹೆಂಗಸರದೆಷ್ಟು, ಹೊರರಾಜ್ಯದವರದೆಷ್ಟು ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ನಿಯಮದ ಒಂದೊಂದು ಸಾಲಿನ ಎದುರಿಗಿಟ್ಟು ತೋರಿಸುವುದು ಅಪರೂಪವಾಗಿದೆ. 1985ರ ಗುಂಪು ಮಾಡಿದ್ದು ಅಂಥ ಕೆಲಸ. ಮುಂಬಯಿ, ಪುಣೆಗಳ ಕನ್ನಡ ಸಂಘಗಳಿಗೂ ಇದರಲ್ಲಿ ಪಾಲಿದೆ ಎಂದು ನನಗನ್ನಿಸುತ್ತದೆ. ಮರಾಠಿ, ಇಂಗ್ಲಿಷಿನ ನಿಯಮಗಳನ್ನು ಓದಿ ಕನ್ನಡದಲ್ಲಿ ಹೇಳಬಲ್ಲವರು ಅಲ್ಲಿದ್ದಾರೆ.

ಸಂಹಿತೆಯ ಕೆಳಗೆ ಯಾವುದೇ ನಿಯಮ ಬರುವಾಗ ಕರಡನ್ನು ಪ್ರಕಟಿಸಿ ಜನರಿಂದ ಆಕ್ಷೇಪಣೆ ಕೇಳಬೇಕು. 90 ದಿನಗಳನ್ನು ಯಾರು ದೃಢೀಕರಿಸಬೇಕು ಎಂಬುದು ಕಾನೂನಿನ ತಿದ್ದುಪಡಿಯಿಲ್ಲದೆ ನಿಯಮದಲ್ಲಿಯೇ ಬದಲಾಗಬಹುದಾದ ವಿಷಯ. ಮಹಾರಾಷ್ಟ್ರದ ನಾಕಾಗಳಲ್ಲಿಯೂ ಸಂಘದ ದೃಢೀಕರಣ ನಡೆಯಲಿ, ಕಾರ್ಮಿಕನ ಸ್ವಯಂಘೋಷಣೆಯನ್ನು ಒಪ್ಪಿ ಅನುಮಾನವಿದ್ದಲ್ಲಿ ಮಾತ್ರ ಮಂಡಳಿಯೇ ತನಿಖೆ ಮಾಡಲಿ, ಜೋಡಿಯ ಕೂಲಿಯಲ್ಲಿ ಹೆಂಗಸಿನ ಹೆಸರನ್ನು ಬೇರೆಯಾಗಿಯೇ ಬರೆಯಲಿ ಎಂದು ಆಕ್ಷೇಪಣೆಯಲ್ಲಿ ಬರೆದು ಕಳಿಸಲು ಯಾವ ಪದವಿಯೂ ಬೇಡ. ಅರ್ಜಿದಾರರ ಹೆಸರು, ವಿಳಾಸ, ಕಲಮಿನ ಸಂಖ್ಯೆ, ಬೇಕಾದ ಬದಲಾವಣೆ, ಅದಕ್ಕೆ ಕಾರಣ ಇಷ್ಟನ್ನು ಸ್ಪಷ್ಟವಾಗಿ ಬರೆದರೆ ಸಾಕು.