ತೂತು ಒಂದೇ, ಕೇಬಲ್ ಹಲವು: ಟೈಪ್ ಸಿ ಗೊಂದಲ ಬಂದ ದಾರಿ

ಮೈಸೂರಿನ ಶಿವರಾಂಪೇಟೆಯಲ್ಲಿ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತುಕತೆ ಕಿವಿಗೆ ಬೀಳುತ್ತದೆ.

"ಅಣ್ಣ, ಒಂದು ಟೈಪ್ ಸಿ ಕೇಬಲ್ ಕೊಡಿ."

"ನೂರೈವತ್ತರದ್ದಾ ಸರ್, ನಾನೂರರದ್ದಾ?"

"ಏನು ವ್ಯತ್ಯಾಸ?"

"ಇದು ಒರಿಜಿನಲ್ ಸರ್."

ವಿವರಣೆ ಅಲ್ಲಿಗೆ ಮುಗಿಯಿತು. ಎರಡೂ ಕೇಬಲ್‌ನ ತುದಿ ಒಂದೇ ಥರ. ಎರಡರ ಪ್ಯಾಕೆಟ್ ಮೇಲೂ ದಪ್ಪ ಅಕ್ಷರದಲ್ಲಿ ಫಾಸ್ಟ್ ಚಾರ್ಜಿಂಗ್ ಅಂತ ಇರುತ್ತದೆ. ಇದರಲ್ಲಿ ಡೇಟಾ ಹೋಗುತ್ತಾ, ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಾ, ಎಷ್ಟು ವ್ಯಾಟ್ ತಡೆಯುತ್ತೆ? ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಪ್ಯಾಕೆಟ್ ಹೇಳದೇ ಇದ್ದದ್ದು ಅವರಿಗಾದರೂ ಹೇಗೆ ಗೊತ್ತಾಗಬೇಕು?

ಹಿಂದೆಯೂ ಗೊಂದಲ ಇತ್ತು, ಆದರೆ ಅದರ ಬಗೆ ಬೇರೆ. ನೋಕಿಯಾ ಕಾಲ ನೆನಪಿರುವವರಿಗೆ ದಪ್ಪ ಪಿನ್, ಸಣ್ಣ ಪಿನ್ ಎರಡೂ ನೆನಪಿರುತ್ತವೆ. ಒಂದೊಂದು ಕಂಪನಿಗೆ ಒಂದೊಂದು ಚಾರ್ಜರ್. ನೆಂಟರ ಮನೆಗೆ ಹೋದರೆ ಮೊದಲು ಕೇಳುತ್ತಿದ್ದದ್ದೇ "ಸಣ್ಣ ಪಿನ್ ಇದ್ಯಾ?" ಅಂತ. ಆದರೆ ಅವತ್ತು ಅನುಮಾನಕ್ಕೆ ಜಾಗ ಇರಲಿಲ್ಲ. ಪಿನ್ ಕೂತರೆ ಚಾರ್ಜ್ ಆಗುತ್ತಿತ್ತು, ಕೂರದಿದ್ದರೆ ಇಲ್ಲ.

ಕಂಪ್ಯೂಟರ್ ಕಡೆಯ ಕಥೆ ಶುರುವಾಗಿದ್ದು 1996ರಲ್ಲಿ. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್ ಮುಂತಾದ ಏಳು ಕಂಪನಿಗಳು ಸೇರಿ ಯುಎಸ್‌ಬಿ ತಂದವು. ಇಂಟೆಲ್‌ನಲ್ಲಿ ಇದರ ಹಿಂದೆ ಕೆಲಸ ಮಾಡಿದ ಮುಖ್ಯರಲ್ಲಿ ಒಬ್ಬರು ವಡೋದರದಲ್ಲಿ ಓದಿ ಹೋದ ಅಜಯ್ ಭಟ್. ಕೀಬೋರ್ಡ್, ಮೌಸ್, ಪ್ರಿಂಟರ್‌ಗೆಲ್ಲ ಬೇರೆ ಬೇರೆ ಜಾಗ ಯಾಕೆ, ಒಂದೇ ಸಾಲದಾ ಎನ್ನುವುದು ಆಗಿನ ಪ್ರಶ್ನೆ. ಫೋನ್ ಚಾರ್ಜ್ ಮಾಡುವ ವಿಚಾರ ಆಗ ಯಾರ ತಲೆಯಲ್ಲೂ ಇರಲಿಲ್ಲ. 2000ದಲ್ಲಿ ಬಂದ ಯುಎಸ್‌ಬಿ 2.0 ವೇಗವನ್ನು ಸೆಕೆಂಡಿಗೆ 480 ಮೆಗಾಬಿಟ್‌ಗೆ ಏರಿಸಿತು.

2007ರಲ್ಲಿ ಮೈಕ್ರೋ ಯುಎಸ್‌ಬಿ ಬಂತು. ನಮ್ಮ ಅಂಗಡಿಗಳಲ್ಲಿ ವಿ8 ಅಂತ ಕರೆಯುವುದು ಇದನ್ನೇ. 2009ರಲ್ಲಿ ಯುರೋಪಿನ ಒತ್ತಾಯಕ್ಕೆ ದೊಡ್ಡ ಫೋನ್ ಕಂಪನಿಗಳು ಇದಕ್ಕೆ ಒಪ್ಪಿದವು. ಒಪ್ಪಂದ ಸ್ವಇಚ್ಛೆಯದು, ಹಾಗಾಗಿ ಆಪಲ್ 2012ರಲ್ಲಿ ಲೈಟ್ನಿಂಗ್ ಅಂತ ತನ್ನದೇ ದಾರಿ ಹಿಡಿಯಿತು. 2014ರ ಆಗಸ್ಟ್‌ನಲ್ಲಿ ಟೈಪ್ ಸಿ ಬಂತು. 24 ಪಿನ್, ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಕತ್ತಲಲ್ಲಿ ಮೈಕ್ರೋ ಪಿನ್ ಉಲ್ಟಾ ತುರುಕಿ ಫೋನ್ ಕೆಡಿಸಿಕೊಂಡವರಿಗೆ ಇದೇ ದೊಡ್ಡ ನೆಮ್ಮದಿ.

ಆದರೆ ಒಂದಾಗಿದ್ದು ತುದಿ ಮಾತ್ರ. ತಂತಿಯೊಳಗೆ ಏನಿರಬೇಕು ಎನ್ನುವುದನ್ನು ಸಡಿಲ ಬಿಟ್ಟರು.

ಹಳೆಯ ಮಾದರಿಯ ಡೇಟಾ ಕೇಬಲ್ ಒಂದನ್ನು ಕತ್ತರಿಸಿ ನೋಡಿ. ಒಳಗೆ ನಾಲ್ಕು ತಂತಿ: ಕೆಂಪು, ಕಪ್ಪು, ಬಿಳಿ, ಹಸಿರು. ಕೆಂಪು, ಕಪ್ಪು ಕರೆಂಟಿಗೆ. ಬಿಳಿ, ಹಸಿರು ಡೇಟಾಗೆ. ತೀರಾ ಅಗ್ಗದ ಕೇಬಲ್‌ನಲ್ಲಿ ಕೆಂಪು, ಕಪ್ಪು ಎರಡೇ ಇರುತ್ತವೆ. ಫೋನ್ ಚಾರ್ಜ್ ಆಗುತ್ತದೆ, ಕಂಪ್ಯೂಟರ್‌ಗೆ ಹಾಕಿದರೆ ಮಾತ್ರ ಫೋನ್ ಕಾಣಿಸುವುದೇ ಇಲ್ಲ. ಜನ ಫೋನ್ ಕೆಟ್ಟಿದೆ ಅಂತ ರಿಪೇರಿಗೆ ಓಡುತ್ತಾರೆ.

ಡೇಟಾ ಹೋಗುವ ಕೇಬಲ್‌ಗಳೂ ಒಂದೇ ಅಲ್ಲ. ಮಾರುಕಟ್ಟೆಯಲ್ಲಿರುವ ಬಹುಪಾಲು ಟೈಪ್ ಸಿ ಕೇಬಲ್‌ಗಳ ಡೇಟಾ ವೇಗ ಇವತ್ತಿಗೂ 2000ದ ಆ 480 ಮೆಗಾಬಿಟ್ಟೇ. ಮಂಡ್ಯದ ಫೋಟೋ ಸ್ಟುಡಿಯೋದವರು 100 ಜಿಬಿಯ ಮದುವೆ ವಿಡಿಯೊವನ್ನು ಇಂಥದರಲ್ಲಿ ಎಳೆದುಕೊಂಡರೆ ಅರ್ಧ ಗಂಟೆಗೂ ಜಾಸ್ತಿ ಹಿಡಿಯುತ್ತದೆ. 10 ಗಿಗಾಬಿಟ್ ಕೇಬಲ್‌ನಲ್ಲಿ ಎರಡು ಮೂರು ನಿಮಿಷ, ಡ್ರೈವೂ ಅಷ್ಟು ವೇಗದ್ದಾಗಿದ್ದರೆ. ತಮಾಷೆ ಅಂದರೆ, ವೇಗದ ಕೇಬಲ್ ಸಾಮಾನ್ಯವಾಗಿ ಗಿಡ್ಡ, ದಪ್ಪ. ತೆಳ್ಳಗೆ ಉದ್ದಕ್ಕಿರುವುದೇ ಒಳ್ಳೆಯದು ಅಂತ ನಾವು ಆರಿಸಿ ತರುತ್ತೇವೆ.

ಕರೆಂಟಿನ ಕಥೆಯೂ ಇದೇ. ಸಾಮಾನ್ಯ ಸಿ ಟು ಸಿ, ಅಂದರೆ ಎರಡೂ ತುದಿ ಟೈಪ್ ಸಿ ಇರುವ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್ ತನಕ. 5 ಆಂಪಿಯರ್ ಬೇಕಾದರೆ ಕೇಬಲ್ ತುದಿಯಲ್ಲಿ ಒಂದು ಪುಟ್ಟ ಚಿಪ್ ಇರಬೇಕು. ನನಗೆ ಇಷ್ಟು ತಡೆಯುವ ಶಕ್ತಿ ಇದೆ ಅಂತ ಅದು ಚಾರ್ಜರ್‌ಗೆ ತಿಳಿಸುತ್ತದೆ. ಚಿಪ್ ಇಲ್ಲದಿದ್ದರೆ ಸರಿಯಾದ ಚಾರ್ಜರ್ 3 ಆಂಪಿಯರ್‌ಗೇ ನಿಲ್ಲುತ್ತದೆ. 2021ರಲ್ಲಿ 5 ಆಂಪಿಯರ್ ಕೇಬಲ್‌ನ ಮಿತಿಯನ್ನು 100ರಿಂದ 240 ವ್ಯಾಟ್‌ಗೆ ಏರಿಸಿದರು. ಇದರ ನಡುವೆ ಫೋನ್ ಕಂಪನಿಗಳು ಬೇರೆಯೇ ಆಟ ಶುರು ಮಾಡಿದ್ದವು. ಒಪ್ಪೊ 2014ರಲ್ಲಿ ವೂಕ್ ಅಂತ ತನ್ನದೇ ಫಾಸ್ಟ್ ಚಾರ್ಜಿಂಗ್ ತಂದಿತು, ಒನ್‌ಪ್ಲಸ್ 2016ರಲ್ಲಿ ಡ್ಯಾಶ್ ಅಂತ ತಂದಿತು. ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದರೆ ಮಾತ್ರ ಪೂರ್ತಿ ವೇಗ. ಹೊರಗಿನ ಕೇಬಲ್ ಹಾಕಿದರೆ ನಿಧಾನ. ಅಂಗಡಿಯವರ ಆ "ಒರಿಜಿನಲ್" ಮಾತಿಗೆ ಅರ್ಥ ಇರುವುದು ಇಲ್ಲೇ.

ಹೆಸರುಗಳ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 2008ರಲ್ಲಿ 5 ಗಿಗಾಬಿಟ್ ವೇಗಕ್ಕೆ ಯುಎಸ್‌ಬಿ 3.0 ಅಂದರು. 2013ರಲ್ಲಿ 3.1 ಬಂದಾಗ ಅದೇ ಹಳೆಯದನ್ನು 3.1 ಜೆನ್ 1 ಮಾಡಿದರು. 2017ರಲ್ಲಿ 3.2 ಬಂತು, ಆಮೇಲೆ ಅದೇ ಹಳೆಯದು 3.2 ಜೆನ್ 1 ಆಯಿತು. ವಸ್ತು ಒಂದೇ, ಹೆಸರು ಮೂರು. ಡಬ್ಬದ ಮೇಲೆ 3.2 ಅಂತ ನೋಡಿ ಹೊಸದು ಅಂದುಕೊಂಡು ದುಡ್ಡು ಕೊಡುವವರದು ತಪ್ಪೇ?

ಅಪಾಯವೂ ಇತ್ತು. 2015ರಲ್ಲಿ ಗೂಗಲ್ ಎಂಜಿನಿಯರ್ ಬೆನ್ಸನ್ ಲೆಯುಂಗ್ ಅಮೆಜಾನ್‌ನಲ್ಲಿ ಮಾರುತ್ತಿದ್ದ ಟೈಪ್ ಸಿ ಕೇಬಲ್‌ಗಳನ್ನು ತರಿಸಿ ಪರೀಕ್ಷಿಸತೊಡಗಿದರು. ಎಷ್ಟು ಕರೆಂಟ್ ಎಳೆಯಬಹುದು ಅಂತ ಫೋನಿಗೆ ತಿಳಿಸಲು ಕೇಬಲ್‌ನಲ್ಲಿ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ಇರುತ್ತದೆ. ಎಷ್ಟೋ ಕೇಬಲ್‌ಗಳಲ್ಲಿ ಅದು 56 ಕಿಲೋ ಓಮ್‌ನದು ಇರಬೇಕಾದ ಕಡೆ 10 ಕಿಲೋ ಓಮ್‌ನದು ಇತ್ತು. ಅದರಿಂದ ಫೋನ್ ಹಳೆಯ ಚಾರ್ಜರ್‌ನಿಂದ ಅದರ ಕೈಲಾಗುವುದಕ್ಕಿಂತ ಜಾಸ್ತಿ ಕರೆಂಟ್ ಎಳೆಯಬಹುದಿತ್ತು. 2016ರಲ್ಲಿ ಪ್ಲಸ್ ಮೈನಸ್ ಅದಲು ಬದಲಾಗಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಸುಟ್ಟಿತು. ಅದೇ ವರ್ಷ ಅಮೆಜಾನ್ ನಿಯಮ ಮೀರಿದ ಟೈಪ್ ಸಿ ಕೇಬಲ್‌ಗಳನ್ನು ನಿಷೇಧಿಸಿತು.

ಇನ್ನೊಂದು ವಿಚಿತ್ರ ಇದೆ. ಅಗ್ಗದ ಟ್ರಿಮ್ಮರ್, ಟಾರ್ಚ್ ಹಳೆಯ ಅಗಲ ತುದಿಯ ಕೇಬಲ್‌ನಲ್ಲಿ ಚಾರ್ಜ್ ಆಗುತ್ತವೆ, ಸಿ ಟು ಸಿ ಹಾಕಿದರೆ ಸತ್ತಂತಿರುತ್ತವೆ. ತಪ್ಪು ಕೇಬಲ್‌ನದಲ್ಲ. ಎದುರಿಗೆ ಒಂದು ಸಾಧನ ಇದೆ ಅಂತ ಖಾತ್ರಿಯಾಗದೆ ಸಿ ಚಾರ್ಜರ್ ಕರೆಂಟ್ ಬಿಡುವುದಿಲ್ಲ. ಆ ಗುರುತು ಕೊಡುವ ಎರಡು ರೆಸಿಸ್ಟರ್‌ಗಳನ್ನು ತಯಾರಕರು ಸಾಧನದೊಳಗೆ ಹಾಕದೆ ದುಡ್ಡು ಉಳಿಸಿರುತ್ತಾರೆ. ನಾಲ್ಕಾಣೆಯ ಉಳಿತಾಯ!

2022ರಲ್ಲಿ ಯುಎಸ್‌ಬಿ ಸಂಸ್ಥೆಗೂ ಬುದ್ಧಿ ಬಂತು. ಜೆನ್, ಅಂಕಿಗಳ ಗೋಜಲು ಬಿಟ್ಟು ಕೇಬಲ್ ಮೇಲೆ ವೇಗ ಮತ್ತು 60 ಅಥವಾ 240 ವ್ಯಾಟ್ ಅಂತ ಬರೆಯುವ ಗುರುತು ತಂದಿತು. ಆದರೆ ಅದು ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆದವರಿಗೆ. ನೂರೈವತ್ತರ ಕೇಬಲ್‌ನವರು ಅತ್ತ ತಲೆ ಹಾಕುವುದಿಲ್ಲ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ ಟೈಪ್ ಸಿ ಕಡ್ಡಾಯ. ಆಪಲ್ ಅದಕ್ಕೂ ಮುಂಚೆ, 2023ರ ಐಫೋನ್ 15ರಲ್ಲೇ ಬಗ್ಗಿತು. ಆ ಕಾನೂನು ಫೋನಿನ ಡಬ್ಬದ ಮೇಲೆ ಎಷ್ಟು ವ್ಯಾಟ್ ಬೇಕು ಅಂತ ಬರೆಯಿಸುತ್ತದೆ. ನಮ್ಮಲ್ಲಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, 2023ರ ಜನವರಿಯಲ್ಲಿ ಟೈಪ್ ಸಿಗೆ ಮಾನದಂಡ ಪ್ರಕಟಿಸಿತು.

ಮೈಸೂರು ಸೀಮೆಗೆ ಹೊಂದಾಣಿಕೆಯ ಪಾಠ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು ಸೆಕೆಂಡಿಗೆ 25 ಸೈಕಲ್‌ನದು, ಅಂದರೆ 25 ಹರ್ಟ್ಜ್; ಈಗಿನ ಗ್ರಿಡ್ 50ರದು. ಒಂದಕ್ಕೆ ಮಾಡಿದ ಮೋಟಾರ್ ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಆದರೆ ಮೋಟಾರ್‌ನ ನೇಮ್‌ಪ್ಲೇಟ್ ಮೇಲೆ ಸೈಕಲ್ ಎಷ್ಟು, ವೋಲ್ಟ್ ಎಷ್ಟು ಅಂತ ಕೊರೆದಿರುತ್ತದೆ. ನೂರೈವತ್ತರ ಕೇಬಲ್‌ಗೆ ಅಷ್ಟೂ ಗತಿ ಇಲ್ಲ.

ಸದ್ಯಕ್ಕೆ ಗಿರಾಕಿಯ ಕೈಲಿರುವುದು ಇಷ್ಟು. ಲ್ಯಾಪ್‌ಟಾಪ್‌ಗಾದರೆ ವ್ಯಾಟ್ ಎಷ್ಟು ಅಂತ ಕೇಬಲ್ ಮೇಲೆಯೇ ಅಚ್ಚಾಗಿದೆಯಾ ನೋಡಿ. ಡೇಟಾಗಾದರೆ ದುಡ್ಡು ಕೊಡುವ ಮುಂಚೆ ಅದೇ ಕೇಬಲ್‌ನಿಂದ ಅಂಗಡಿಯ ಕಂಪ್ಯೂಟರ್‌ಗೆ ನಿಮ್ಮ ಫೋನ್ ಸಿಕ್ಕಿಸಿ, ಫೈಲ್ ಟ್ರಾನ್ಸ್‌ಫರ್ ಆಯ್ಕೆ ಬರುತ್ತಾ ನೋಡಿ. ಬರಲಿಲ್ಲ ಅಂದರೆ ಒಳಗೆ ಬಿಳಿ, ಹಸಿರು ತಂತಿ ಇಲ್ಲ ಅಂತಲೇ ಲೆಕ್ಕ.