ಕೊಲಂಬಸ್ ಹೆಸರಿನ ರಜೆ ಹುಟ್ಟಿದ್ದು ಯಾರಿಗಾಗಿ?

ಅಮೆರಿಕದಲ್ಲಿ ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಸರ್ಕಾರಿ ರಜೆ, ಕೊಲಂಬಸ್ ದಿನ. ಆದರೆ ಹಲವು ನಗರಗಳಲ್ಲಿ ಅದೇ ದಿನವನ್ನು ಮೂಲನಿವಾಸಿಗಳ ದಿನ ಅಂತ ಆಚರಿಸುತ್ತಾರೆ. ಈ ಜಗಳ ಅರ್ಥವಾಗಬೇಕಾದರೆ ಕೊಲಂಬಸ್ ಅಮೆರಿಕ ಖಂಡಕ್ಕೆ ಬಂದ 1492ಕ್ಕಿಂತ ಮೊದಲು 1891ನ್ನು ನೋಡಬೇಕು.

ಆ ವರ್ಷ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಜನರ ಗುಂಪೊಂದು ಜೈಲಿಗೆ ನುಗ್ಗಿ ಇಟಲಿ ಮೂಲದ 11 ಜನರನ್ನು ಕೊಂದುಹಾಕಿತು. ಊರಿನ ಪೊಲೀಸ್ ಮುಖ್ಯಸ್ಥನ ಕೊಲೆಯ ಆರೋಪ ಅವರ ಮೇಲಿತ್ತು. ಕೆಲವರು ತಪ್ಪಿತಸ್ಥರಲ್ಲ ಅಂತ ಹಿಂದಿನ ದಿನವಷ್ಟೇ ತೀರ್ಪು ಬಂದಿತ್ತು. ಇನ್ನು ಕೆಲವರ ವಿಚಾರಣೆಯೇ ಆಗಿರಲಿಲ್ಲ. ಇಟಲಿ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. 1892ರಲ್ಲಿ ಅಮೆರಿಕ 25,000 ಡಾಲರ್ ಪರಿಹಾರ ಕೊಟ್ಟಿತು. ಅದೇ ವರ್ಷ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್, ಕೊಲಂಬಸ್ ಬಂದು 400 ವರ್ಷವಾದದ್ದನ್ನು ದೇಶವೆಲ್ಲ ಆಚರಿಸಲಿ ಎಂದು ಘೋಷಿಸಿದರು.

ಎಲ್ಲೆಲ್ಲೂ ತಿರಸ್ಕಾರ ಉಣ್ಣುತ್ತಿದ್ದ ಇಟಲಿಯ ವಲಸಿಗರಿಗೆ ಇಟಲಿಯ ಜಿನೋವಾದಲ್ಲಿ ಹುಟ್ಟಿದ ಈ ನಾವಿಕ ಆಸರೆಯಾದ. ನಮ್ಮವನೇ ಮೊದಲು ಬಂದವನು ಅಂತ ಹೇಳಿಕೊಳ್ಳಬಹುದಿತ್ತಲ್ವಾ? ಅವರ ಒತ್ತಾಯದಿಂದ 1907ರಲ್ಲಿ ಕೊಲೊರಾಡೊ ಅದನ್ನು ರಾಜ್ಯದ ರಜೆ ಮಾಡಿತು. 1968ರ ಕಾನೂನಿನಿಂದ ಅದು ಇಡೀ ದೇಶದ ರಜೆಯಾಯಿತು, ಜಾರಿಗೆ ಬಂದದ್ದು 1971ರಲ್ಲಿ.

ಆ ವಲಸಿಗರ ನೋವು ನಿಜ. ಅವರು ಆರಿಸಿಕೊಂಡ ಮನುಷ್ಯ ಮಾತ್ರ ಆ ಗೌರವಕ್ಕೆ ತಕ್ಕವನಲ್ಲ ಅಂತ ನನಗನಿಸುತ್ತದೆ. ದಡ ಮುಟ್ಟಿದ ಎರಡೇ ದಿನಕ್ಕೆ ಕೊಲಂಬಸ್ ತನ್ನ ದಿನಚರಿಯಲ್ಲಿ, 50 ಜನರಿದ್ದರೆ ಇವರನ್ನೆಲ್ಲ ಅಡಿಯಾಳು ಮಾಡಿಕೊಳ್ಳಬಹುದು ಎಂದು ಬರೆದ. 1495ರಲ್ಲಿ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೊ ಜನರಲ್ಲಿ 500ಕ್ಕೂ ಜಾಸ್ತಿ ಮಂದಿಯನ್ನು ಗುಲಾಮರಾಗಿ ಹಡಗಿಗೆ ತುಂಬಿ ಸ್ಪೇನಿಗೆ ಕಳಿಸಲಾಯಿತು. ಸುಮಾರು 200 ಜನ ದಾರಿಯಲ್ಲೇ ಸತ್ತರು. ಕೊಲಂಬಸ್ ಆಳುತ್ತಿದ್ದ ಹಿಸ್ಪಾನಿಯೋಲಾ ದ್ವೀಪದಲ್ಲಿ 14 ವರ್ಷ ದಾಟಿದ ತೈನೊ ಜನರು ಮೂರು ತಿಂಗಳಿಗೊಮ್ಮೆ ಚಿನ್ನದ ಕಪ್ಪ ಕೊಡಬೇಕಿತ್ತು.

ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು ಅನ್ನುವವರಿದ್ದಾರೆ. ಆದರೆ 1500ರಲ್ಲಿ ಅವನ ಆಡಳಿತದ ಮೇಲೆ ದೂರುಗಳು ಬಂದಾಗ, ಸ್ಪೇನ್ ಕಳಿಸಿದ ಅಧಿಕಾರಿಯೇ ಅವನಿಗೆ ಸಂಕೋಲೆ ಹಾಕಿ ಹಡಗು ಹತ್ತಿಸಿದ. ತೈನೊ ಜನರ ಸಂಕಟವನ್ನು ಬರೆದಿಟ್ಟ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಕೂಡ ಅದೇ ಕಾಲದ ಪಾದ್ರಿ.

ರಜೆಯ ಹೆಸರು ಬದಲಾಗಲಿ ಎಂಬ ಮಾತು 1977ರಲ್ಲಿ ಜಿನೀವಾದ ಸಮ್ಮೇಳನವೊಂದರಲ್ಲಿ ಬಂತು. 1992ರಲ್ಲಿ ಬರ್ಕ್ಲಿ ನಗರ ಬದಲಾಯಿಸಿಯೇಬಿಟ್ಟಿತು. 2021ರಲ್ಲಿ ಅಧ್ಯಕ್ಷ ಬೈಡನ್ ಎರಡೂ ಹೆಸರಿನಲ್ಲಿ ಘೋಷಣೆ ಹೊರಡಿಸಿದರು.

ನನಗೆ ಹೆಚ್ಚು ಹಿಡಿಸಿದ್ದು ಕೊಲೊರಾಡೊ ಮಾಡಿದ್ದು. ರಜೆಯನ್ನು ಹುಟ್ಟುಹಾಕಿದ್ದ ಆ ರಾಜ್ಯವೇ 2020ರಲ್ಲಿ ಅದನ್ನು ತೆಗೆದುಹಾಕಿತು. ಹಾಗಂತ ಇಟಲಿಯವರನ್ನು ಮರೆಯಲಿಲ್ಲ. ಆ ಜಾಗಕ್ಕೆ ಫ್ರಾನ್ಸೆಸ್ ಕ್ಯಾಬ್ರಿನಿ ಹೆಸರಿನ ರಜೆ ಬಂತು. ಇಟಲಿಯಿಂದ ವಲಸೆ ಬಂದು, ಬಡ ವಲಸಿಗರಿಗೂ ಅನಾಥ ಮಕ್ಕಳಿಗೂ ಶಾಲೆ, ಆಸ್ಪತ್ರೆ, ಅನಾಥಾಲಯ ಕಟ್ಟಿದ ಸನ್ಯಾಸಿನಿ ಅವರು.